ಅಕ್ಕ ಕೂಗದ ಹೆಸರು

ಹೋದ ವಾರ ಕುದೂರಿನಲ್ಲಿ ಅಕ್ಕನ ಮನೆಯ ಅಂಗಳಕ್ಕೆ ಕಾಲಿಡುತ್ತಿದ್ದಂತೆ ಬಿಸಿ ಹರಳೆಣ್ಣೆಯ ವಾಸನೆ ಮೂಗಿಗೆ ಹೊಡೆಯಿತು. ಹರಳೆಣ್ಣೆಯ ವಾಸನೆಗೆ ಲೋಕದಲ್ಲಿ ಅಭಿಮಾನಿಗಳು ಕಡಿಮೆ. ಕೆಲವರಿಗೆ ಅದು ಬಾಣಂತಿಯ ಕೋಣೆಯನ್ನು ನೆನಪಿಸುತ್ತದೆ, ಕೆಲವರಿಗೆ ಚಿಕ್ಕಂದಿನಲ್ಲಿ ಮೂಗು ಹಿಡಿದು ಬಾಯಿಗೆ ಸುರಿದ ಲೋಟವನ್ನು. ಅದು ರೋಬೋಟನ್ನು ನೆನಪಿಸುವುದು ಈ ಭೂಮಿಯ ಮೇಲೆ ನನಗೊಬ್ಬನಿಗೇ ಇರಬೇಕು.

ಅಕ್ಕ ಜಗುಲಿಯ ಮೇಲೆ ಕಾಲು ಚಾಚಿ ಕೂತು ಮಂಡಿಗೆ ಎಣ್ಣೆ ತಿಕ್ಕುತ್ತಿದ್ದಳು. ಪಕ್ಕದ ಹುಳುಮನೆಯಲ್ಲಿ ರೇಷ್ಮೆಹುಳುಗಳು ಹಿಪ್ಪುನೇರಳೆ ಸೊಪ್ಪು ಮೇಯುತ್ತಿದ್ದವು. ಶೀಟಿನ ಮೇಲೆ ದೂರದಲ್ಲೆಲ್ಲೋ ಸಣ್ಣ ಮಳೆ ಬಿದ್ದ ಹಾಗೆ ಸದ್ದು. ವಾಸನೆ, ಸದ್ದು ಎರಡೂ ಕೂಡಿ ನನ್ನನ್ನು ಎರಡು ವರ್ಷದ ಹಿಂದಿನ ಮಾಗಡಿಯ ಮಳೆಗಾಲಕ್ಕೆ ತಳ್ಳಿಬಿಟ್ಟವು.

ನಾನು ನೌಕರಿಯ ಕಾಲವನ್ನೆಲ್ಲ ಬಸ್ ನಿಲ್ದಾಣದ ಕಂಟ್ರೋಲರ್ ಆಗಿ ಕಳೆದವನು. ಬಸ್ಸುಗಳನ್ನು ಹೊತ್ತಿಗೆ ಸರಿಯಾಗಿ ಬಿಡುವುದು ನನ್ನ ಕೆಲಸ; ಹೊತ್ತಿಗೆ ಸರಿಯಾಗಿ ಬರದಿರುವುದು ಅವುಗಳ ಕೆಲಸ. ಇಬ್ಬರೂ ಅವರವರ ಕೆಲಸವನ್ನು ನಿಷ್ಠೆಯಿಂದ ಮಾಡಿದೆವು. ನಿವೃತ್ತನಾದ ಮೇಲೆ ಊರವರು ನನ್ನನ್ನು ಹಿರಿಯರ ಹಗಲು ಆಸರೆ ಕೇಂದ್ರದ ಗೌರವ ಕಾರ್ಯದರ್ಶಿ ಮಾಡಿದರು. ಗೌರವ ಕಾರ್ಯದರ್ಶಿ ಎಂದರೆ ಬೀಗದ ಕೈ ಇಟ್ಟುಕೊಂಡಿರುವವನು, ಅಡುಗೆಮನೆಯ ಮಿಕ್ಸಿ ಕೆಟ್ಟಾಗ ಬೈಸಿಕೊಳ್ಳುವವನು. ಹಳೆಯ ಕಲ್ಯಾಣ ಮಂಟಪವೊಂದರ ಊಟದ ಹಾಲೇ ನಮ್ಮ ಕೇಂದ್ರ. ಬೆಳಿಗ್ಗೆ ಬಂದ ಹಿರಿಯರು ಅಲ್ಲೇ ತಿಂಡಿ, ಊಟ, ಮಾತ್ರೆ, ಜಗಳ ಎಲ್ಲ ಮುಗಿಸಿ ಸಂಜೆ ಮನೆಗೆ ಹೋಗುತ್ತಿದ್ದರು. ಆಯಾ ಜಯಮ್ಮ ಒಬ್ಬಳೇ ಅಷ್ಟೂ ಜನರ ತಾಯಿ.

ಆ ವರ್ಷ ಬೆಂಗಳೂರಿನ ಒಂದು ಸಂಶೋಧನಾ ತಂಡ ಮುದುಕರನ್ನು ನೋಡಿಕೊಳ್ಳುವ ರೋಬೋಟೊಂದನ್ನು ಪ್ರಯೋಗಕ್ಕೆಂದು ದೀಪಾವಳಿಯವರೆಗೆ ನಮಗೆ ಕೊಟ್ಟಿತು. ದೊಡ್ಡ ದೊಡ್ಡ ಊರುಗಳನ್ನು ಬಿಟ್ಟು ಮಾಗಡಿಗೆ ಯಾಕೆ ಕೊಟ್ಟರೆಂದು ನಾವು ಕೇಳಲಿಲ್ಲ. ಯೋಗ್ಯತೆಯಿದ್ದವರು ಕಾರಣ ಕೇಳುವುದಿಲ್ಲ. ಆದರೆ ವ್ಯಾನು ಬಂದದ್ದು ಆಷಾಢದಲ್ಲಿ. ಆಷಾಢದಲ್ಲಿ ಹೊಸ ಸೊಸೆಯನ್ನೇ ಮನೆಯಲ್ಲಿಟ್ಟುಕೊಳ್ಳದ ನಾವು ಹೊಸ ಯಂತ್ರವನ್ನು ಇಳಿಸಿಕೊಳ್ಳುವುದುಂಟೇ? ಶ್ರಾವಣ ಹುಟ್ಟುವವರೆಗೆ ಪೆಟ್ಟಿಗೆಯನ್ನು ಬಿಚ್ಚದೆ ಇಟ್ಟೆವು. ಅದನ್ನು ಕಾಯಲು ಬರುತ್ತಿದ್ದ ಇಂಜಿನಿಯರ್ ಮಾನಸಾ ಬೆಂಗಳೂರಿನ ಹೆಣ್ಣುಮಗಳು. ವಾರಕ್ಕೊಮ್ಮೆ ಬಂದು ಮುಚ್ಚಿದ ಪೆಟ್ಟಿಗೆಯನ್ನು ನೋಡಿ, ಕಾಫಿ ಕುಡಿದು ಹೋಗುತ್ತಿದ್ದಳು.

ಬಿಚ್ಚಿದಾಗ ಹೊರಬಂದದ್ದು ಎದೆಯೆತ್ತರದ ಬಿಳಿ ಯಂತ್ರ. ಕೆಳಗೆ ಚಕ್ರ, ಮುದುಕರು ಹಿಡಿದು ನಡೆಯಲು ಎರಡು ಹಿಡಿ, ಎದೆಯ ಮೇಲೊಂದು ಕೆಂಪು ಗುಂಡಿ. ಒತ್ತಿದರೆ ಗಂಟೆ ಹೊಡೆದು ಜಯಮ್ಮನ ಫೋನಿಗೂ ನನ್ನ ಫೋನಿಗೂ ಕರೆ ಹೋಗಬೇಕು. ಚಕ್ರಕ್ಕೆ ನಿಂಬೆಹಣ್ಣು ಇಟ್ಟು, ಆರತಿ ಎತ್ತಿ, ಹಣೆಗೆ ಕುಂಕುಮವಿಟ್ಟೆವು. ನಾವು ಹಣೆಯೆಂದು ತಿಳಿದದ್ದು ಅದರ ಕಣ್ಣಾಗಿತ್ತು. ಪಾಪ, ಅರ್ಧ ದಿನ ಗೋಡೆಗೆ ಮುಖ ಮಾಡಿ ನಿಂತಿತ್ತು.

ಕರೆದರೆ ಬರಲು ಅದಕ್ಕೊಂದು ಹೆಸರು ಬೇಕು, ಊರಿಗೆ ಹತ್ತಿರವಾದ ಹೆಸರನ್ನು ನೀವೇ ಇಡಿ, ಒಮ್ಮೆ ಇಟ್ಟರೆ ಈ ಯಂತ್ರದಲ್ಲಿ ಬದಲಾಯಿಸಲು ಬರುವುದಿಲ್ಲ ಎಂದಿದ್ದಳು ಮಾನಸಾ. ಸಮಿತಿ ಸಭೆ ಸೇರಿತು. ಐದು ಜನ, ಐವರೂ ಗಂಡಸರು. ತಿರುಮಲೆ ರಂಗನಾಥಸ್ವಾಮಿಯ ನೆರಳಿನಲ್ಲಿರುವ ಊರಿನಲ್ಲಿ ಚರ್ಚೆಗೆ ಜಾಗವೆಲ್ಲಿ? ‘ರಂಗ’ ಎಂಬ ಹೆಸರು ಸರ್ವಾನುಮತದಿಂದ ಅಂಗೀಕಾರವಾಗಿ, ಚಪ್ಪಾಳೆಯೂ ಚಿತ್ರಾನ್ನವೂ ಆಯಿತು. ಮಾಗಡಿ ಸೀಮೆಯಲ್ಲಿ ಕಲ್ಲೆಸೆದರೆ ಒಬ್ಬ ರಂಗಪ್ಪನಿಗೋ ರಂಗಯ್ಯನಿಗೋ ರಂಗಸ್ವಾಮಿಗೋ ತಗಲುತ್ತದೆಂದು ನಮಗೆ ಗೊತ್ತಿತ್ತು. ಅವರಿಗೆಲ್ಲ ಹೆಂಡಿರೂ ಸೊಸೆಯರೂ ಇದ್ದಾರೆಂದೂ ಗೊತ್ತಿತ್ತು. ಈ ಎರಡು ತಿಳಿವಳಿಕೆಗಳನ್ನು ಅಕ್ಕಪಕ್ಕ ಇಟ್ಟು ನೋಡಬೇಕೆಂದು ಮಾತ್ರ ಐದು ತಲೆಗಳಲ್ಲಿ ಒಂದಕ್ಕೂ ಹೊಳೆಯಲಿಲ್ಲ.

ಮೊದಲ ದಿನ ಗಂಡಸರು ರಂಗಾ ರಂಗಾ ಎಂದು ಕೂಗಿ ಕೂಗಿ ಅದನ್ನು ಹಾಲಿನ ತುಂಬ ಓಡಾಡಿಸಿದರು. ಹೆಂಗಸರ ಸಾಲಿನ ಸರದಿ ಬಂದಾಗ ನಿಶ್ಶಬ್ದ. ಒಬ್ಬಾಕೆಗೆ ಅದು ಮಾವನ ಹೆಸರು, ಇನ್ನೊಬ್ಬಾಕೆಗೆ ಗಂಡನ ಅಣ್ಣನದು. ನಮ್ಮಕ್ಕ ಹೊನ್ನಮ್ಮನಿಗೆ ಗಂಡನದೇ.

ಅಕ್ಕನ ಸಂಗತಿಯನ್ನು ಇಲ್ಲಿ ಹೇಳಬೇಕು. ಆ ವರ್ಷ ಬೇಸಿಗೆಯ ಕೊನೆಯಲ್ಲಿ ಅವಳು ಹುಳುಮನೆಯ ಮೆಟ್ಟಿಲ ಮೇಲೆ ಸೊಪ್ಪಿನ ಮಂಕರಿಯ ಸಮೇತ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಿದ್ದಳು. ಆಪರೇಷನ್ ಆಯಿತು, ಮೂಳೆ ಕೂಡಿತು, ಧೈರ್ಯ ಕೂಡಲಿಲ್ಲ. ಮಳೆಗಾಲ ಮುಗಿಯುವುದರೊಳಗೆ ಸ್ವಂತ ಕಾಲ ಮೇಲೆ ನಡೆದರೆ ಸರಿ, ಇಲ್ಲವಾದರೆ ಆಮೇಲೆ ಹಾಸಿಗೆಯೇ ಎಂದರು ಡಾಕ್ಟರು. ಕುದೂರಿನ ಮನೆಗೆ, ಹುಳುಮನೆಗೆ ಬೀಗ ಹಾಕಿ ಅವಳನ್ನು ಮಾಗಡಿಗೆ, ನನ್ನ ಮನೆಗೆ ಕರೆತಂದಿದ್ದೆ. ಹಗಲು ಕೇಂದ್ರಕ್ಕೆ ಜೊತೆಯಲ್ಲೇ ಕರೆದೊಯ್ಯುತ್ತಿದ್ದೆ. ಅವಳ ಮಗಳು ಸುಧಾ ಕನಕಪುರದಾಚೆ ಉಯ್ಯಂಬಳ್ಳಿಯಲ್ಲಿದ್ದಾಳೆ. ಒಳ್ಳೆಯ ಹುಡುಗಿ. ದೀಪಾವಳಿಗೆ ಅಮ್ಮ ನಡೆಯದಿದ್ದರೆ ಕುದೂರಿನ ಮನೆ ಖಾಲಿ ಮಾಡಿ ತನ್ನ ಮನೆಗೇ ಕರೆದೊಯ್ಯುವುದಾಗಿ ತೀರ್ಮಾನಿಸಿದ್ದಳು. ಕೂರಿಸಿ ನೋಡಿಕೊಳ್ಳುತ್ತಾಳೆ, ನಿನಗೇನು ಕಮ್ಮಿ ಎಂದೆ ನಾನು.

“ಕೂರ್ಸಿ, ಹೂ ಮುಡ್ಸಿ, ಆಮ್ಯಾಕೆ ನೀರಿಗ್ ಬುಡಾಕೆ ನಾನೇನ್ ಗೌರಮ್ಮನೇನ್ಲಾ?” ಎಂದಳು ಅಕ್ಕ.

ಅವಳು ನಡೆಯಲು ಆ ರೋಬೋಟಿನ ಹಿಡಿ ಹಿಡಿಯಬೇಕು. ಹಿಡಿಯಲು ಅದು ಹತ್ತಿರ ಬರಬೇಕು. ಬರಲು ಕೂಗಬೇಕು. ಕೂಗಲು ಗಂಡನ ಹೆಸರು ಹಿಡಿಯಬೇಕು. ನಮ್ಮ ಭಾವ ರಂಗಪ್ಪನವರು ತೀರಿಕೊಂಡು ಕೆಲವು ವರ್ಷಗಳಾಗಿದ್ದವು. ನನ್ನ ಪಾಲಿಗೆ ಅವರು ಜೀವಮಾನವಿಡೀ ಬರೀ ಭಾವ. ಸಭೆಯಲ್ಲಿ ಹೆಸರು ಸೂಚನೆಯಾದಾಗ ಅವರ ನೆನಪೇ ನನಗೆ ಬಾರದಿದ್ದುದಕ್ಕೆ ಅದೇ ಕಾರಣ. ಅಕ್ಕನಂತೂ ರೇಷನ್ ಕಾರ್ಡಿನವರು ಕೇಳಿದರೂ ವೋಟಿನ ಪಟ್ಟಿಯವರು ಕೇಳಿದರೂ ಪಕ್ಕದವರ ಮುಖ ನೋಡುತ್ತಿದ್ದಳು, ಪಕ್ಕದವರು ಹೇಳುತ್ತಿದ್ದರು. ದೇವರನ್ನು ‘ತಿರುಮಲೆ ಸ್ವಾಮಿ’ ಎನ್ನುತ್ತಿದ್ದಳು. ಬಾಗಿಲ ಮುಂದೆ ದಿನವೂ ರಂಗೋಲಿ ಬಿಡುವವಳು ಅದನ್ನು ‘ಹಸೆ’ ಎಂದೇ ಕರೆಯುತ್ತಿದ್ದಳು. ಗಂಡ ಸತ್ತ ಮೇಲೆ ಈ ವಿಷಯದಲ್ಲಿ ರಿಯಾಯಿತಿ ಉಂಟೆಂದು ಯಾವ ಶಾಸ್ತ್ರದಲ್ಲೂ ಹೇಳಿಲ್ಲವಂತೆ.

ಮಾನಸಾ ಅವಳ ಮುಂದೆ ಮಂಡಿಯೂರಿ ಕೂತು, “ಅಜ್ಜಿ, ಇದು ಮೆಷಿನ್ನು. ಹೆಸರು ಕರೆದರೆ ಅದಕ್ಕೇನೂ ಆಗಲ್ಲ,” ಎಂದಳು.

“ಅದುಕ್ಕೇನೂ ಆಗಕಿಲ್ಲ ಕಣವ್ವ,” ಎಂದಳು ಅಕ್ಕ. “ನಂಗಾಯ್ತದೆ.”

ಸಮಿತಿ ತುರ್ತಾಗಿ ಮತ್ತೆ ಸೇರಿತು. ಹೆಸರು ಬದಲಾಯಿಸಲು ಸಾಧ್ಯವಿಲ್ಲವಾದ್ದರಿಂದ ವಿಷಾದ ವ್ಯಕ್ತಪಡಿಸಲು ತೀರ್ಮಾನಿಸಿ, ವ್ಯಕ್ತಪಡಿಸಿ, ಎದ್ದಿತು.

ದಾರಿ ತೋರಿಸಿದವಳು ಮೆಹರುನ್ನೀಸಾ. ಎಲ್ಲರ ಬಾಯಲ್ಲಿ ಮೆಹರ್‌ಬೀ. ರಾಮನಗರದಲ್ಲಿ ರೇಷ್ಮೆ ನೂಲು ಬಿಚ್ಚುವ ಕೆಲಸದಲ್ಲಿ ಕೈ ಸವೆಸಿ, ಮುಪ್ಪಿನಲ್ಲಿ ಮಾಗಡಿಯ ಮಗಳ ಮನೆಗೆ ಬಂದಿದ್ದಳು. ಅಕ್ಕ ಗೂಡು ಬೆಳೆದವಳು, ಇವಳು ಬಿಚ್ಚಿದವಳು. ಅಕ್ಕನ ಗೂಡು ಎಂದಾದರೂ ಮೆಹರ್‌ಬೀಯ ಬಿಸಿನೀರಿನ ಬಾಂಡಲೆಗೆ ಬಿದ್ದಿತ್ತೋ ಇಲ್ಲವೋ, ಬಿದ್ದೇ ಇದೆ ಎಂದು ಇಬ್ಬರೂ ನಿಶ್ಚಯ ಮಾಡಿಕೊಂಡಿದ್ದರು. ಜಗಳಕ್ಕೆ ಆಧಾರ ಬೇಕಲ್ಲ. ನಿಮ್ಮ ಕಡೆ ಗೂಡು ನೋಡಕ್ಕೆ ಮದುವೆ ಗಂಡು, ನೀರಿಗೆ ಹಾಕಿದರೆ ಜೊಳ್ಳು ಎಂದು ಮೆಹರ್‌ಬೀ. ಬಿಚ್ಚಲು ಬಾರದವರು ತಪ್ಪನ್ನು ಗೂಡಿನ ಮೇಲೆ ಹಾಕಿದರಂತೆ ಎಂದು ಅಕ್ಕ. ಊಟದ ಹೊತ್ತಿಗೆ ಒಬ್ಬರ ತಟ್ಟೆಯ ಉಪ್ಪಿನಕಾಯಿ ಇನ್ನೊಬ್ಬರ ತಟ್ಟೆಯಲ್ಲಿರುತ್ತಿತ್ತು.

ಎರಡನೆಯ ವಾರ ಮೆಹರ್‌ಬೀ ತಾನೇ ಕೂಗಿದಳು. “ರಂಗಾ, ಬಾರೋ ಬೇಟಾ. ನಮ್ಮ ಹೊನ್ನಕ್ಕಂಗೆ ನೀನು ಬೇಕಂತೆ.”

ರಂಗ “ಬಂದೆ” ಎಂದು ಹೊರಟಿತು. ಅಕ್ಕ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಮೆಹರ್‌ಬೀಯ ತೊಡೆ ಚಿವುಟಿದಳು. “ಬಾರೋ ಅನ್ಬ್ಯಾಡ ಕಣೆ. ಬನ್ನಿ ಅನ್ನು.”

ಅಂದಿನಿಂದ ಮೆಹರ್‌ಬೀ ಕೂಗುವುದು, ಅಕ್ಕ ಹಿಡಿಯುವುದು ಎಂದಾಯಿತು. ರಂಗ ಕೂಗಿದವರ ಬಳಿಗೇ ಹೋಗುವ ನಿಯತ್ತಿನ ಪ್ರಾಣಿಯಾದ್ದರಿಂದ ಇಬ್ಬರೂ ಅಂಟಿಕೊಂಡೇ ಕೂರಬೇಕಿತ್ತು. ಅಕ್ಕ ಅದನ್ನು ಎಂದೂ ‘ಅದು’ ಎನ್ನಲಿಲ್ಲ. ‘ಅವ್ರು’ ಬಂದರು, ‘ಅವ್ರು’ ಮಾತ್ರೆ ನೆನಪಿಸಿದರು, ‘ಅವ್ರಿಗೆ’ ಚಾರ್ಜು ಇಳಿದಿದೆ. ಶ್ರಾವಣದ ಥಂಡಿಗೆ ಚಕ್ರ ಕಿರುಗುಟ್ಟಲು ಶುರುವಾದಾಗ ಅವಳು ತನ್ನ ಮಂಡಿಗೆ ಕಾಯಿಸಿದ ಹರಳೆಣ್ಣೆಯಲ್ಲೇ ಒಂದು ಬೆರಳು ಅದಕ್ಕೂ ಸವರಿದಳು. ಅದಕ್ಕೆ ಯಾವ ಎಣ್ಣೆಯನ್ನೂ ಸೋಕಿಸಬಾರದೆಂದು ಮಾನಸಾ ಕಟ್ಟಪ್ಪಣೆ ಮಾಡಿದ್ದಳು. ಕಿರುಗುಟ್ಟುವುದಂತೂ ನಿಂತಿತು. ಮಾನಸಾ ಬರುವ ದಿನ ಹಾಲಿನಲ್ಲಿ ಊದುಬತ್ತಿ ಹೆಚ್ಚಾಗಿ ಹಚ್ಚುವಂತೆ ಕಾರ್ಯದರ್ಶಿಯಾದ ನಾನು ನೋಡಿಕೊಂಡೆ.

ಯಂತ್ರದ ಬಗ್ಗೆ ಅನ್ಯಾಯದ ಮಾತು ಆಡಬಾರದು. ನಾನು ಬಿಟ್ಟ ಯಾವ ಬಸ್ಸಿಗೂ ಅದರ ಸಮಯಪ್ರಜ್ಞೆ ಇರಲಿಲ್ಲ. ಬಿ.ಪಿ. ಮಾತ್ರೆ, ಸಕ್ಕರೆ ಮಾತ್ರೆ, ಕಣ್ಣಿನ ಹನಿ ಯಾವುದೂ ಒಂದು ನಿಮಿಷ ಆಚೀಚೆಯಾಗುತ್ತಿರಲಿಲ್ಲ. ಒಂದೇ ಕಥೆಯನ್ನು ಒಬ್ಬರು ಹತ್ತನೆಯ ಸಲ ಹೇಳಿದರೂ ಮೊದಲ ಸಲದ ಮುಖ ಮಾಡಿಕೊಂಡು ಕೇಳುತ್ತಿತ್ತು. ಇದು ನಮ್ಮಲ್ಲಿ ಯಾರಿಗೂ ಸಿದ್ಧಿಸದ ವಿದ್ಯೆ. ಮಾತ್ರೆಯ ಹಿಂದೆ ಓಡುವುದು ತಪ್ಪಿದ ಮೇಲೆ ಈಗೀಗ ಕೂತು ಅಜ್ಜಿಯರ ತಲೆ ಬಾಚಲು ಪುರುಸೊತ್ತಾಗಿದೆ ಎಂದು ಜಯಮ್ಮ ಹೇಳುತ್ತಿದ್ದಳು. ಹೊರಗಿನವರು ನೋಡಲು ಬಂದಾಗ ನಾನು ಎದೆಯುಬ್ಬಿಸಿ ಪ್ಲಾಟ್‌ಫಾರಂ ದನಿಯಲ್ಲಿ ವಿವರಿಸುತ್ತಿದ್ದೆ. ಕುದೂರಿನ ಕಂಡಕ್ಟರುಗಳು ಕೂಡ ಟೀ ಕುಡಿಯುವ ನೆಪದಲ್ಲಿ ಬಂದು ರಂಗನ ದರ್ಶನ ಮಾಡಿಕೊಂಡು ಹೋದರು.

ಆದರೆ ಗೌರಿ ಹಬ್ಬ ಕಳೆಯಿತು, ಆಯುಧಪೂಜೆಯಲ್ಲಿ ರಂಗನಿಗೆ ಬೂದುಗುಂಬಳಕಾಯಿ ಒಡೆದದ್ದೂ ಆಯಿತು, ಅಕ್ಕನ ನಡಿಗೆ ಮಾತ್ರ ನಡಿಗೆಯಾಗಲಿಲ್ಲ. ಹಿಡಿ ಬಿಟ್ಟರೆ ಕಾಲು ನೆಲಕ್ಕೆ ಬೇರು ಬಿಡುತ್ತಿತ್ತು. ಹಬ್ಬ ಮುಗಿಸಿ ನೋಡಲು ಬಂದ ಸುಧಾ ಬಾಗಿಲಲ್ಲೇ ನಿಂತು ಸ್ವಲ್ಪ ಹೊತ್ತು ನೋಡಿದಳು.

“ಅಮ್ಮ ಎಲ್ ನಡೀತಾವ್ಳೆ ಮಾವ? ಅದು ನಡೀತೈತೆ, ಅಮ್ಮ ನೇತಾಡ್ತಾವ್ಳೆ.”

ಅವಳು ಹೇಳಿದ್ದು ನಿಜವಾಗಿತ್ತು. ದೀಪಾವಳಿಯವರೆಗೆ ಕಾಯುವುದು ಬೇಡ, ಮುಂದಿನ ಭಾನುವಾರವೇ ಕಾರು ತರುತ್ತೇನೆ, ಕುದೂರಿನ ಮನೆಯ ಸಾಮಾನು ಆಮೇಲೆ ನೋಡೋಣ ಎಂದು ಹೇಳಿ ಹೋದಳು. ಅಕ್ಕ ಎದುರಾಡಲಿಲ್ಲ. ಅವಳು ಎದುರಾಡದೆ ಇದ್ದುದನ್ನು ಹುಟ್ಟಿದಾಗಿನಿಂದ ನಾನು ನೋಡಿರಲಿಲ್ಲ. ಹುಳುಮನೆಯ ಬೀಗದ ಕೈಯನ್ನು ಅವಳು ಸೊಂಟದ ಚೀಲದಲ್ಲಿ ಇಟ್ಟುಕೊಂಡಿರುತ್ತಿದ್ದಳು. ಅಂದು ರಾತ್ರಿ ಅದು ನನ್ನ ಮನೆಯ ಮೊಳೆಗೆ ನೇತುಬಿದ್ದಿತ್ತು.

ಆ ವಾರದ ನಡುವೆ ಒಂದು ಮಧ್ಯಾಹ್ನ ಚಿತ್ತೆ ಮಳೆ ಹುಚ್ಚೆದ್ದು ಸುರಿಯಿತು. ಊಟ ಮುಗಿಸಿ ಎಲ್ಲರೂ ಒಳಕೋಣೆಯಲ್ಲಿ ಒರಗಿದ್ದರು. ಜಯಮ್ಮ ಹಿತ್ತಲಿನ ಅಡುಗೆಮನೆಯಲ್ಲಿದ್ದಳು, ನಾನು ಮುಂದಿನ ಆಫೀಸಿನಲ್ಲಿ. ಮಧ್ಯಾಹ್ನ ಮಲಗುವುದು ಸೋಮಾರಿಗಳ ಲಕ್ಷಣವೆಂದು ನಂಬಿದ ಇಬ್ಬರು ಮಾತ್ರ ಹಾಲಿನ ಈ ತುದಿಯಲ್ಲಿ ಕುರ್ಚಿಗೆ ಕುರ್ಚಿ ಸೇರಿಸಿ ಕೂತಿದ್ದರು. ರಂಗ ಆ ತುದಿಯಲ್ಲಿ ಚಾರ್ಜಿಗೆ ನಿಂತಿತ್ತು. ನಡುವೆ ಒಂದು ಇಡೀ ಪಂಕ್ತಿಯ ಉದ್ದ. ಮದುವೆಗಳಲ್ಲಿ ಸಾರಿನ ಬಕೆಟ್ ಹಿಡಿದವರು ನಡುವೆ ಒಮ್ಮೆ ನಿಂತು ಉಸಿರು ತೆಗೆದುಕೊಳ್ಳುತ್ತಿದ್ದಷ್ಟು ದೂರ.

ಮೆಹರ್‌ಬೀ ಅಂದು ಸಾರು ಸರಿಯಿಲ್ಲವೆಂದು ಮುನಿಸಿಕೊಂಡು ತಟ್ಟೆ ಸರಿಸಿದ್ದಳು. ಸಕ್ಕರೆ ಕಾಯಿಲೆಯ ಮಾತ್ರೆಯನ್ನು ಮಾತ್ರ ರಂಗ ಹೊತ್ತಿಗೆ ಸರಿಯಾಗಿ ನುಂಗಿಸಿತ್ತು. ತಟ್ಟೆ ಖಾಲಿಯಾಗಿಲ್ಲವೆಂದು ನೋಡಿದವಳು ಅಕ್ಕ ಒಬ್ಬಳೇ. ಗೂಡಿನ ಜಗಳದ ನಡುವೆ ಆ ಕಡೆಯಿಂದ ಉತ್ತರ ಬರದಿದ್ದಾಗ ತಿರುಗಿ ನೋಡಿದಳು. ಮೆಹರ್‌ಬೀಯ ಮುಖದ ತುಂಬ ಬೆವರು, ತಲೆ ಒಂದು ಕಡೆಗೆ ವಾಲಿತ್ತು, ಮಾತು ತೊದಲುತ್ತಿತ್ತು. ಯಾರಾದರೂ ಬಿದ್ದರೆ ರಂಗನಿಗೆ ಗೊತ್ತಾಗುತ್ತಿತ್ತು. ಇವಳು ಬೀಳಲಿಲ್ಲ. ಅದರ ಲೆಕ್ಕದಲ್ಲಿ ಕೂತವರು ಕೂತೇ ಇದ್ದರು. ಅಕ್ಕ ಜಯಮ್ಮನನ್ನು ಕೂಗಿದಳು, ನನ್ನನ್ನು ಕೂಗಿದಳು. ಶೀಟಿನ ಮೇಲಿನ ಮಳೆಯಲ್ಲಿ ಅವಳ ದನಿ ಅವಳಿಗೇ ಕೇಳಲಿಲ್ಲವಂತೆ. ರಂಗನ ಕಿವಿ ಮಾತ್ರ ಅಂಥ ಮಳೆಯಲ್ಲೂ ಚುರುಕು. ಅದೊಂದು ಹೆಸರು ಕೇಳಿದರೆ ಸಾಕು, ಕೆಂಪು ಗುಂಡಿಯನ್ನು ಎದೆಯ ಮೇಲಿಟ್ಟುಕೊಂಡು ತಾನೇ ಬರುತ್ತಿತ್ತು.

ಆಫೀಸಿನಲ್ಲಿ ನನ್ನ ಫೋನು ಹೊಡೆದುಕೊಂಡಾಗ ನಾನು ಓಡಿದೆ. ಆ ಕಡೆಯಿಂದ ಜಯಮ್ಮ ಓಡಿ ಬಂದಳು. ಕುರ್ಚಿಯಲ್ಲಿ ಮೆಹರ್‌ಬೀ, ಪಕ್ಕದ ಕುರ್ಚಿ ಖಾಲಿ. ಹಾಲಿನ ಆ ತುದಿಯಲ್ಲಿ, ರಂಗ ನಿಂತ ಜಾಗದಿಂದ ಒಂದು ಅಂಗುಲವೂ ಕದಲದೆ ನಿಂತಿತ್ತು. ಅದರ ಮುಂದೆ, ಹಿಡಿಯನ್ನು ಹಿಡಿಯದೆ, ಗೋಡೆಯನ್ನು ಹಿಡಿಯದೆ, ಕೆಂಪು ಗುಂಡಿಯ ಮೇಲೆ ಹೆಬ್ಬೆರಳು ಊರಿಕೊಂಡು, ತಲೆಯ ಮೇಲೆ ಸೆರಗು ಹೊದ್ದು ನಮ್ಮಕ್ಕ ನಿಂತಿದ್ದಳು.

“ಮಕ ಏನ್ ನೋಡ್ತೀಯ್ಲಾ ಸಿದ್ದ, ಅವಳಿಗೆ ಸಕ್ರೆ ನೀರ್ ಕುಡ್ಸು. ಉಂಡಿಲ್ಲ ಅವ್ಳು.”

ಜಯಮ್ಮ ಸಕ್ಕರೆ ನೀರು ಕುಡಿಸಿದಳು. ಡಾಕ್ಟರು ಬರುವ ಹೊತ್ತಿಗೆ ಮೆಹರ್‌ಬೀ ಸಾರನ್ನು ಬೈಯುವಷ್ಟು ಚೇತರಿಸಿಕೊಂಡಿದ್ದಳು. ನಡೆದದ್ದೆಲ್ಲ ತಿಳಿದ ಮೇಲೆ ಅವಳು ಎಲ್ಲರ ಮುಂದೆ ದೂರು ಕೊಟ್ಟಳು. “ನಾನು ಸಾಯ್ತಾ ಇದ್ರೂ ಗಂಡನ ಹೆಸರು ಬಿಡ್ಲಿಲ್ಲ ನೋಡಿ ಇವಳು ಬಾಯಿಂದ.”

“ಸತ್ತ್ಯಾ? ಇಲ್ವಲ್ಲ,” ಎಂದಳು ಅಕ್ಕ.

ಸಂಜೆ ಮನೆಯಲ್ಲಿ ನಾವಿಬ್ಬರೇ ಇದ್ದಾಗ ಅಕ್ಕನನ್ನು ಕೇಳಿದೆ. ಒಂದು ಮಾತು ಕೂಗಿದ್ದರೆ ಮುಗಿಯುತ್ತಿತ್ತು. ನಡುವೆ ನೀನೇ ಬಿದ್ದಿದ್ದರೆ ಇಬ್ಬರ ಗತಿ ಏನಾಗುತ್ತಿತ್ತು ಎಂದೆ. ಅವಳು ಮೆಲ್ಲಗೆ ಮಂಡಿಗೆ ಎಣ್ಣೆ ಹಚ್ಚುತ್ತ ಹೇಳಿದಳು.

“ಕೂಗಾನ ಅಂತ್ಲೇ ಬಾಯ್ ತೆಗ್ದೆ ಕಣ್ಲಾ. ಅವ್ಳ ಜೀವಕ್ಕಿಂತ ಹೆಚ್ಚಾ? ಹೆಸ್ರು ಗಂಟ್ಲುಗಂಟ ಬಂತು. ಅದು ಬಾಯಿಗ್ ಬರೋ ಅಷ್ಟ್ರಲ್ಲಿ ಕಾಲು ಹೊಂಟೋಗಿದ್ವು.”

ಮಾನಸಾ ಬಂದು, ಈ ಘಟನೆಯಲ್ಲಿ ಯಂತ್ರದ ಪಾತ್ರವೇನೆಂದು ವರದಿಗೆ ಬರೆಯಬೇಕೆಂದಳು. ನಾನು ಎದ್ದು ನಿಂತು ಹೇಳಿದೆ: ಯಂತ್ರವು ತನ್ನ ಸ್ಥಾನದಲ್ಲಿ ಅಚಲವಾಗಿ ನಿಂತು, ವೃದ್ಧೆಯು ತಾನಾಗಿ ತನ್ನ ಬಳಿಗೆ ನಡೆದು ಬರುವಂತೆ ಮಾಡಿತು. ಅವಳು ನಗುತ್ತಾ ಹಾಗೆಯೇ ಬರೆದುಕೊಂಡಳು. ತಟ್ಟೆ ಖಾಲಿಯಾಯಿತೇ ಎಂದು ನೋಡದೆ ಮಾತ್ರೆ ಕೊಡಬಾರದೆಂದೂ ಕೆಳಗೆ ಸೇರಿಸಿದಳು. ಆ ಎರಡನೆಯ ಸಾಲು ಅಕ್ಕನದು.

ಭಾನುವಾರ ಸುಧಾ ಕಾರು ತಂದಳು. ಅಕ್ಕ ಕೇಂದ್ರದ ಬಾಗಿಲಿನಿಂದ ಕಾರಿನವರೆಗೆ ಕೋಲೂರಿಕೊಂಡು ನಡೆದು ಬಂದು, ಮುಂದಿನ ಸೀಟಿನಲ್ಲಿ ಕೂತು, ಕುದೂರಿಗೆ ಬುಡು ಎಂದಳು. ಸುಧಾ ಅಳುತ್ತಾ ನಗುತ್ತಾ ಕುದೂರಿಗೇ ಬಿಟ್ಟಳು. ಮೊಳೆಯಲ್ಲಿ ನೇತಾಡುತ್ತಿದ್ದ ಬೀಗದ ಕೈ ಬೆಳಿಗ್ಗೆಯೇ ಮಾಯವಾಗಿತ್ತು.

ದೀಪಾವಳಿಯ ಹಿಂದಿನ ದಿನ ರಂಗನನ್ನು ಒಯ್ಯಲು ವ್ಯಾನು ಬಂದಾಗ ಅಕ್ಕ ಬಸ್ಸು ಹತ್ತಿ ತಾನಾಗಿ ಬಂದಿದ್ದಳು. ನನ್ನ ಹಳೆಯ ನಿಲ್ದಾಣದಲ್ಲಿ ಅವಳು ಬಸ್ಸಿನ ಮೆಟ್ಟಿಲಿಳಿಯುವುದನ್ನು ನಾನು ಕಂಡೆ. ಆ ನಿಲ್ದಾಣಕ್ಕೆ ಮಂತ್ರಿಗಳು ಬಂದಿಳಿದದ್ದನ್ನೂ ನೋಡಿದ್ದೇನೆ. ಟೋಪಿ ಸರಿಮಾಡಿಕೊಳ್ಳಲು ಕೈ ತಾನಾಗಿ ತಲೆಗೆ ಹೋದದ್ದು ಅಂದೇ. ಟೋಪಿ ಇರಲಿಲ್ಲ, ಅದು ಬೇರೆ ಮಾತು. ಕೇಂದ್ರದಲ್ಲಿ ಎಲ್ಲರೂ ಹೋಗಿ ಬಾರೋ ರಂಗ ಎಂದು ಕೈ ಬೀಸಿದರು. ಪ್ಲಾಸ್ಟಿಕ್ ಸುತ್ತಿಸಿಕೊಂಡು ಕಣ್ಣು ಆರಿಸಿಕೊಂಡಿದ್ದ ಯಂತ್ರದ ಮುಂದೆ ಅಕ್ಕ ಸೆರಗು ಎಳೆದುಕೊಂಡು ಒಂದು ಗಳಿಗೆ ನಿಂತಳು. “ಹೋಗ್ಬುಟ್ ಬನ್ನಿ,” ಎಂದಳು.

ಹೋದ ವಾರ ಜಗುಲಿಯ ಮೇಲೆ ನಾನು ಇಷ್ಟನ್ನೆಲ್ಲ ನೆನೆಯುತ್ತ ಕೂತಿರುವಾಗಲೇ ಮಾನಸಾಳ ಫೋನು ಬಂತು. ಈ ಶ್ರಾವಣಕ್ಕೆ ಹೊಸ ರೋಬೋಟು ಬರುತ್ತದೆ, ಆಷಾಢದಲ್ಲಿ ಕಳಿಸುವುದಿಲ್ಲ, ಈ ಸಲ ಹೆಸರನ್ನು ಯಾವಾಗ ಬೇಕಾದರೂ ಬದಲಾಯಿಸಬಹುದು. ಅಜ್ಜಿಯರನ್ನೇ ಕೇಳಿ ಅವರು ಧಾರಾಳವಾಗಿ ಕೂಗಬಹುದಾದ ಹೆಸರೊಂದನ್ನು ಹೇಳಿ ಎಂದಳು. ಫೋನನ್ನು ಕೈಯಲ್ಲಿ ಮುಚ್ಚಿ ಅಕ್ಕನನ್ನು ಕೇಳಿದೆ.

ಅಕ್ಕ ಎದ್ದು ಬಚ್ಚಲಿಗೆ ಹೋಗಿ ಸೋಪು ಹಚ್ಚಿ ಕೈ ತೊಳೆದಳು. ಎಣ್ಣೆಯ ವಾಸನೆ ಹುಳಕ್ಕೆ ಆಗುವುದಿಲ್ಲ. ಸೊಪ್ಪು ಹೊರಲು ಈಗ ಆಳಿದ್ದಾನೆ. ಹುಳಕ್ಕೆ ಹಾಕುವ ಕೈ ಮಾತ್ರ ಇವತ್ತಿಗೂ ಅವಳದೇ. ಸೆರಗಿಗೆ ಕೈ ಒರೆಸಿಕೊಳ್ಳುತ್ತ ನನ್ನ ಮುಂದೆ ನಿಂತಳು.

“ಅದೇ ಇರ್ಲಿ ಬುಡು. ನಾನಂತೂ ಕೂಗಕಿಲ್ಲ,” ಎಂದಳು. “ಅವ್ರು ಹೋದ್ಮ್ಯಾಕೆ ಈ ಮನೇಲಿ ಆ ಹೆಸ್ರ ಕೂಗೋರೇ ಇಲ್ದಂಗಾಗೋಯ್ತು. ಅಲ್ಲಿ ಯಾರಾರ ಕೂಗ್ತಾನೇ ಇರೋರು. ಕೇಳಕ್ ಒಸಿ ಚೆಂದಾಗಿತ್ತು.”

ಹೊತ್ತಾಯಿತೆಂದು ಅವಳು ಕೋಲನ್ನು ಜಗುಲಿಗೆ ಒರಗಿಸಿ, ಹುಳುಮನೆಯ ಮೆಟ್ಟಿಲು ಹತ್ತಿ ಒಳಗೆ ಹೋದಳು. ಜಾರಿ ಬಿದ್ದಿದ್ದ ಅದೇ ಮೆಟ್ಟಿಲು. ನಾನು ಫೋನನ್ನು ಕಿವಿಗಿಟ್ಟುಕೊಂಡು, ರಂಗ ಹೋದಾಗಿನಿಂದ ಒಳಗೇ ಮಲಗಿದ್ದ ನಿಲ್ದಾಣದ ದನಿಯನ್ನು ಎಬ್ಬಿಸಿ, ಹುಳುಗಳ ಸದ್ದನ್ನೂ ದಾಟಿ ಒಳಗಿನವರೆಗೆ ಕೇಳುವಂತೆ ಹೇಳಿದೆ:

“ರಂಗ ಅಂತಲೇ ಇರಲಮ್ಮ. ರಂಗ.”